ಖಾಲಿ ಬಟ್ಟಲಿನ ಪ್ಲಾಟಿನಂ

ವಾಷಿಂಗ್ಟನ್
೧೧ ಸೆಪ್ಟೆಂಬರ್ ೨೦೧೭

ಪ್ರೀತಿಯ ಬಾಬಿಯಕ್ ಮೇಷ್ಟ್ರಿಗೆ,

ಎಡ್ಮಂಟನ್‌ನಿಂದ ನೀವು ಕಳಿಸಿದ ಪೆಟ್ಟಿಗೆ ಕಳೆದ ವಾರ ತಲುಪಿತು. ಶೀಶೆ ಒಂದೂ ಸೋರಿಲ್ಲ. ಈ ಕಾಲದಲ್ಲೂ ನೀವು ಶೀಶೆಗಳ ಪಕ್ಕದಲ್ಲಿ ಕೈಬರಹದ ಪತ್ರ ಇಡುತ್ತೀರಿ, ಪೆಟ್ಟಿಗೆ ಹಿಂದಿರುಗಿಸುವಾಗ ನಾನೂ ಒಂದು ಇಡುತ್ತೇನೆ. ನಮ್ಮ ಪ್ರಯೋಗಾಲಯದವರಿಗೆ ಇದೊಂದು ತಮಾಷೆಯಾಗಿದೆ. "ಕೋರಾ, ನಿನ್ ಪ್ರೇಮಪತ್ರ ಬಂತು ನೋಡು" ಎಂದು ಮೊಗಸಾಲೆಯಿಂದಲೇ ಕೂಗುತ್ತಾರೆ. ಒಳಗೆ ಆ್ಯಸಿಡ್ಡಿನ ಲೆಕ್ಕ ಬಿಟ್ಟರೆ ಏನೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ.

ಈ ಸಲದ ಅಳತೆಯನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ನೀವು ಕರಗಿಸಿ ಕಳಿಸಿದ ಚಂದ್ರಶಿಲೆಯಲ್ಲಿ ಆಸ್ಮಿಯಂ ಮತ್ತು ಇರಿಡಿಯಂ ನಾವು ಎಣಿಸಿದ್ದಂತೆ ಇಲ್ಲವೆನ್ನುವಷ್ಟು ಕಡಿಮೆ ಇವೆ. ಪ್ಲಾಟಿನಂ ಮಾತ್ರ ಬಹಳ ಹೆಚ್ಚು. ಈ ಮೂರೂ ಒಂದೇ ತಾಯಿಯ ಮಕ್ಕಳು, ಕಬ್ಬಿಣ ಹೋದ ಕಡೆಗೆಲ್ಲ ಅದರ ಸೆರಗು ಹಿಡಿದು ಒಟ್ಟಿಗೇ ಹೋಗುತ್ತವೆ ಎಂದು ನನಗೆ ಕಲಿಸಿದವರು ನೀವು. ಇಲ್ಲಿ ಒಂದು ಮಗು ಮಾತ್ರ ಮನೆಗೆ ಬಂದು ಕೂತಿದೆ, ಉಳಿದೆರಡು ಎಲ್ಲಿ ಎಂದರೆ ಬಾಯಿ ಬಿಡುತ್ತಿಲ್ಲ.

ಇನ್ನೂ ವಿಚಿತ್ರ ಇದು. ವಜ್ರಗಳ ಒಳಗಿಂದ ನೀವು ಬಿಡಿಸಿದ ಲೋಹದ ಹನಿಗಳಲ್ಲೂ ಹೀಗೆಯೇ ಇದೆ. ಒಂದು ಕಲ್ಲು ಚಂದ್ರನಿಂದ ತಂದದ್ದು. ಇನ್ನೊಂದು ನಮ್ಮ ಕಾಲ ಕೆಳಗೆ ಆರುನೂರು ಕಿಲೋಮೀಟರ್ ಆಳದಲ್ಲಿ ಹುಟ್ಟಿ ಮೇಲೆ ಬಂದದ್ದು. ಎರಡರಲ್ಲೂ ಹೆಚ್ಚಾಗಿರುವುದು ಅದೇ ಒಂದು ಲೋಹ. ಚಂದ್ರ ಭೂಮಿಯ ಆಳದಿಂದಲೇ ಕಿತ್ತುಹೋದದ್ದು ಎನ್ನಲು ಒಂದು ಹುಟ್ಟುಮಚ್ಚೆ ಬೇಕು ಎಂದು ನಾವಿಬ್ಬರೂ ಇಷ್ಟು ವರ್ಷ ಹುಡುಕಿದೆವಲ್ಲ, ಇದೇ ಇರಬಹುದು. ಕುಣಿಯಬೇಕು. ಯಾಕೋ ಕಾಲು ಏಳುತ್ತಿಲ್ಲ.

ಹ್ಯೂಸ್ಟನ್‌ನಿಂದ ಎರವಲು ತಂದ ಚಂದ್ರಶಿಲೆಯ ಪುಡಿ ನಿಮ್ಮ ಹತ್ತಿರ ಇನ್ನು ಒಂದು ಚಿಟಿಕೆ ಮಾತ್ರ ಇದೆ. ಫೆಬ್ರವರಿ ಮುಗಿಯುವುದರೊಳಗೆ ಅದನ್ನು ಕರಗಿಸಬೇಕು, ಇಲ್ಲವೇ ಹಾಗೇ ಹಿಂದಿರುಗಿಸಬೇಕು. ಅದು ಹೋದರೆ ಈ ಸಂಖ್ಯೆ ನಿಜವೋ ಸುಳ್ಳೋ ಎಂದು ಹೇಳಲು ನಮಗೆ ಬೇರೆ ದಾರಿಯಿಲ್ಲ. ಆದ್ದರಿಂದ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ದೂಳಿನ ಕಣವೂ ಇರಬಾರದ ನಿಮ್ಮ ಶುದ್ಧಕೋಣೆಗೆ ಕಲ್ಲು ಕರಗಿಸಲು ಹೋಗುವಾಗ ಬೆರಳಲ್ಲಿ ಉಂಗುರ ಏನಾದರೂ ಇತ್ತೇ?

ನಿಮ್ಮ
ಕೋರಾ


ಎಡ್ಮಂಟನ್
೨೫ ಸೆಪ್ಟೆಂಬರ್ ೨೦೧೭

ಕೋರಾ,

ಉಂಗುರ ಅಂತೆ ಉಂಗುರ! ನೀನು ಶಾಲೆಗೆ ಹೋಗೋಕೆ ಮುಂಚಿಂದ ಕಲ್ಲು ಕರಗಿಸ್ತಾ ಇದೀನಿ ತಾಯಿ. ನನ್ನ ಮದುವೆ ಉಂಗುರ ಪ್ಲಾಟಿನಂ ಅಲ್ಲ, ಸಾದಾ ಬೆಳ್ಳಿ. ಅದೂ ಅಡುಗೆಮನೆ ಗೂಡಲ್ಲೇ ಇರೋದು. ನನ್ನ ಹೆಂಡತಿ ಸ್ಟೆಫಾ ಬದುಕಿದ್ದಾಗ ಅಣಕಿಸ್ತಿದ್ಲು: "ಬೇರೆ ಗಂಡಸರು ಹುಡುಗೀರ ಹತ್ರ ಹೋಗೋವಾಗ ಉಂಗುರ ತೆಗೀತಾರೆ. ನನ್ ಗಂಡ ಕಲ್ಲಿನ ಹತ್ರ ಹೋಗೋವಾಗ ತೆಗೀತಾನೆ. ಯಾವುದಕ್ಕೆ ಅಳಬೇಕೋ ಗೊತ್ತಾಗಲ್ಲ."

ಚಂದ್ರ ಹಾಗೇ ಇರಬಹುದಲ್ಲ? ಮೂರು ಮಕ್ಕಳು ಯಾವಾಗ್ಲೂ ಒಟ್ಟಿಗೇ ಓಡಾಡ್ತಾರೆ ಅಂತ ನಾವು ಕಲಿಸಿದ್ದು. ನಾವು ಕಲಿಸಿದ್ದು ಕಲ್ಲಿಗೆ ಗೊತ್ತಿರಬೇಕು ಅಂತೇನೂ ಇಲ್ಲ. ಅವಸರ ಮಾಡಬೇಡ. ಅನುಮಾನವನ್ನೂ ಅವಸರದಲ್ಲಿ ಪಡಬಾರದು.

ಇಲ್ಲಿ ಎಲ್ಲ ಎಂದಿನಂತೆ. ಎಲೆ ಉದುರೋಕೆ ಶುರುವಾಗಿದೆ. ಊಟ ಮಾತ್ರ ಯಾಕೋ ರುಚಿಸ್ತಿಲ್ಲ. ನಮ್ಮ ಶುದ್ಧಕೋಣೆ ನೋಡ್ಕೊಳ್ಳೋ ಜೋಲೀನ್ ಕಾರ್ಡಿನಲ್ ನನಗೋಸ್ಕರ ಪಿರೋಹಿ ಮಾಡ್ಕೊಂಡು ಬಂದಿದ್ಲು. ಕಡುಬಿನೊಳಗೆ ಆಲೂಗಡ್ಡೆ ಬದಲು ಚಮಚ ತುಂಬಿದಾಳೇನೋ ಅನ್ನಿಸ್ತು, ಬಾಯೆಲ್ಲ ಲೋಹ. ಹಾಗಂತ ಬಾಯ್ಬಿಟ್ಟು ಹೇಳಿದ್ದೇ ತಪ್ಪಾಯ್ತು. "ಈ ನೆಲದ ಮೂಲನಿವಾಸಿ ಕ್ರೀ ಜನರ ಮನೇಲಿ ಹುಟ್ಟಿ ಯುಕ್ರೇನಿನವರ ಕಡುಬು ಮಾಡಿದ್ನಲ್ಲ, ನಂಗೆ ಬೇಕಿತ್ತು" ಅಂತ ಡಬ್ಬಿ ಎತ್ಕೊಂಡು ಹೋದೋಳು ಮಾತೇ ಬಿಟ್ಟಿದಾಳೆ.

ಬಾಬಿಯಕ್


ವಾಷಿಂಗ್ಟನ್
೯ ಅಕ್ಟೋಬರ್ ೨೦೧೭

ಪ್ರೀತಿಯ ಮೇಷ್ಟ್ರಿಗೆ,

"ನಾವು ಕಲಿಸಿದ್ದು ಕಲ್ಲಿಗೆ ಗೊತ್ತಿರಬೇಕಂತಿಲ್ಲ" ಎಂಬ ಮಾತು ನನಗೆ ಬಹಳ ಹಿಡಿಸಿತು. ಹಿಡಿಸಿತು ಎಂಬ ಕಾರಣಕ್ಕೇ ಅದರ ಮೇಲೆ ನಂಬಿಕೆ ಬರುತ್ತಿಲ್ಲ. ನನಗೆ ಬೇಕಾದ ಉತ್ತರವನ್ನೇ ನೀವು ಕೊಟ್ಟಿರಿ. ಬೇಕಾದ ಉತ್ತರ ಸಿಕ್ಕ ದಿನ ಇನ್ನೊಮ್ಮೆ ಅಳೆಯಬೇಕು ಎಂದು ಹೇಳಿದವರೂ ನೀವೇ. ಯಾವ ಮೇಷ್ಟ್ರ ಮಾತು ಕೇಳಲಿ?

ಒಂದು ಕೆಲಸ ಮಾಡೋಣ. ಖಾಲಿ ಬಟ್ಟಲು ಇಡೋಣ. ನೀವೊಂದು, ಜೋಲೀನ್ ಒಂದು. ಕಲ್ಲು ಹಾಕದೆ, ಅದೇ ಆ್ಯಸಿಡ್ಡು ಹಾಕಿ, ಅದೇ ಕಾವಿನಲ್ಲಿ, ಕಲ್ಲು ಇದ್ದಿದ್ದರೆ ಏನೇನು ಮಾಡುತ್ತಿದ್ದಿರೋ ಅಷ್ಟನ್ನೂ ಮಾಡಿ ನನಗೆ ಕಳಿಸಿ. ಏನೂ ಹಾಕದ ಬಟ್ಟಲಲ್ಲಿ ಏನಾದರೂ ಸಿಕ್ಕರೆ ಅದು ಚಂದ್ರನದ್ದಲ್ಲ, ಮನೆಯದ್ದು. ಇದು ವಾಡಿಕೆಯ ಪರೀಕ್ಷೆ, ಬೇರೆ ಅರ್ಥ ಇಲ್ಲ.

ಬಾಯಲ್ಲಿ ಲೋಹದ ರುಚಿ ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ನನ್ನ ಅಮ್ಮನಿಗೂ ಹಾಗಾಗಿತ್ತು, ಹಳೆಯ ಹಲ್ಲಿನ ಒಳಗೆ ತುಂಬಿದ್ದು ಸಡಿಲವಾಗಿತ್ತಂತೆ. ಜೋಲೀನಳ ಕ್ಷಮೆ ಕೇಳಿ. ಕಡುಬಿನದ್ದೇನೂ ತಪ್ಪಿರಲಾರದು.

ಕೋರಾ


ಎಡ್ಮಂಟನ್
೨೭ ಅಕ್ಟೋಬರ್ ೨೦೧೭

ಕೋರಾ,

ಎರಡು ಶೀಶೆ ಇಟ್ಟಿದೀನಿ. ಕೆಂಪು ಮುಚ್ಚಳದ್ದು ನನ್ನದು, ನೀಲಿ ಜೋಲೀನಳದ್ದು. ವಾಡಿಕೆಯ ಪರೀಕ್ಷೆ ಅಂದೆ. ವಾಡಿಕೆಯ ಪರೀಕ್ಷೆಗೆ ಇಬ್ಬರ ಕೈ ಬೇರೆ ಬೇರೆ ಯಾಕೆ ಬೇಕು? ಇದು ಬಟ್ಟಲಿನ ಪರೀಕ್ಷೆ ಅಲ್ಲ ಅಂತ ಗೊತ್ತಾಗದಷ್ಟು ಮುದುಕ ಆಗಿಲ್ಲ ನಾನು.

ಇನ್ನೊಂದು ವಿಷಯ ನೀನು ಹೇಳಲಿಲ್ಲ, ಬೇರೆಯವರ ಬಾಯಿಂದ ಕೇಳಿದೆ. ಡೆನ್ವರಿನಲ್ಲಿ ನಡೆದ ಭೂವಿಜ್ಞಾನಿಗಳ ಸಭೆಯಲ್ಲಿ ನೀನು ಎದ್ದು ನಿಂತು, ಚಂದ್ರನಿಗೂ ಪಾತಾಳಕ್ಕೂ ರಕ್ತಸಂಬಂಧ ಸಿಕ್ಕಿದೆ ಅಂದೆಯಂತೆ. ಜನ ಚಪ್ಪಾಳೆ ತಟ್ಟಿದರಂತೆ. ಅಲ್ಲಿ ಚಪ್ಪಾಳೆ, ಇಲ್ಲಿ ನನಗೆ ಉಂಗುರದ ಪ್ರಶ್ನೆ. ಏನು ತಿಳ್ಕೊಳ್ಳಲಿ? ಸಂಖ್ಯೆ ನಿಂತರೆ ನಿನ್ನದು, ಬಿದ್ದರೆ ಮುದುಕನ ಕೈ ಅಂತಾನಾ? ಪುಡಿಯನ್ನ ಅಲ್ಲಿಗೇ ತರಿಸ್ಕೊಂಡು ಬೇರೆಯವರ ಕೈಲಿ ಕರಗಿಸೋ ಆಲೋಚನೆ ಇದ್ರೆ ನೇರ ಹೇಳು.

ಜೋಲೀನ್‌ಗೆ ಇದನ್ನ ಓದಿ ಹೇಳಿದೆ. "ನೀವು ಹೊಟ್ಟೆಕಿಚ್ಚಿನಲ್ಲಿ ಬರೀತಿದೀರಿ, ಕಳಿಸಬೇಡಿ" ಅಂದ್ಲು. ಕಳಿಸ್ತಿದೀನಿ.

ಆ ಕೊನೇ ಚಿಟಿಕೆ ನಾನೇ ಕರಗಿಸ್ತೀನಿ. ಬೇರೆ ಯಾರೂ ಮುಟ್ಟಕೂಡದು. ನನ್ನಿಂದ ಆ ಕೋಣೆ ಕಿತ್ಕೊಂಡ್ರೆ, ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅಂತ ನನಗೆ ಗೊತ್ತಿಲ್ಲ. ಇದನ್ನ ಬರೆಯಬಾರದಿತ್ತು. ಬರೆದಾಯ್ತು.

ಬಾಬಿಯಕ್


ವಾಷಿಂಗ್ಟನ್
೧೩ ನವೆಂಬರ್ ೨೦೧೭

ಪ್ರೀತಿಯ ಮೇಷ್ಟ್ರಿಗೆ,

ಡೆನ್ವರಿನ ವಿಷಯ ನಿಜ. ನಿಮಗೆ ಹೇಳದೆ ಮಾತಾಡಿದ್ದು ತಪ್ಪು. ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಹೇಳಿದ್ದರೆ ನೀವು "ತಾಳು" ಎನ್ನುತ್ತಿದ್ದಿರಿ, ನನಗೆ ತಾಳುವ ಮನಸ್ಸಿರಲಿಲ್ಲ. ಇದಕ್ಕಿಂತ ಒಳ್ಳೆಯ ಕಾರಣ ಸಿಗಲಿಲ್ಲ.

ಆ ಮಾತನ್ನು ಈಗ ವಾಪಸು ತೆಗೆದುಕೊಂಡಿದ್ದೇನೆ. ಅದನ್ನೇ ಬರೆದು ಕಳಿಸಿದ್ದ ಲೇಖನ ಪ್ರಕಟಿಸುವುದು ಬೇಡ ಎಂದು ಪತ್ರಿಕೆಯವರಿಗೆ ಬರೆದೆ. ನೀಲಿ ಮುಚ್ಚಳದ ಶೀಶೆಯಲ್ಲಿ ಏನೂ ಇರಲಿಲ್ಲ. ಕೆಂಪು ಮುಚ್ಚಳದ್ದರಲ್ಲಿ ಪ್ಲಾಟಿನಂ ಇತ್ತು, ಹೆಚ್ಚುಕಡಿಮೆ ಚಂದ್ರಶಿಲೆಯಲ್ಲಿ ಇದ್ದಷ್ಟೇ. ಮೂರು ಸಲ ಅಳೆದೆ. ಯಂತ್ರ ಸುಳ್ಳು ಹೇಳಲಿ ಎಂದು ಮೊದಲ ಬಾರಿ ಬಯಸಿದೆ.

ನನಗೆ ಏನೂ ಅರ್ಥವಾಗುತ್ತಿಲ್ಲ. ಅದೇ ಕೋಣೆ, ಅದೇ ಆ್ಯಸಿಡ್ಡು, ಅದೇ ಬಟ್ಟಲು. ಬೇರೆಯಾಗಿರುವುದು ಕೈ ಮಾತ್ರ. ಕೈಗೆ ಹೊಸ ಮುಲಾಮು ಏನಾದರೂ ಹಚ್ಚುತ್ತಿದ್ದೀರಾ? ಕೈಗವಸಿನ ಕಂಪನಿ ಬದಲಾಯಿತೇ? ಕೈ ನಡುಗಿ ಗವಸಿನ ಅಂಚು ಬಟ್ಟಲಿಗೆ ತಾಗುತ್ತದೆಯೇ? ಈ ಕೊನೆಯ ಪ್ರಶ್ನೆಯನ್ನು ನನ್ನ ಮೇಷ್ಟ್ರಿಗೆ ಹೇಗೆ ಕೇಳುವುದೆಂದು ತಿಳಿಯದೆ ಎರಡು ದಿನ ಪತ್ರ ನಿಲ್ಲಿಸಿದ್ದೆ.

ಕೊನೆಯ ಚಿಟಿಕೆಯನ್ನು ಜೋಲೀನ್ ಕರಗಿಸಲಿ. ಪುಡಿ ಎಡ್ಮಂಟನ್‌ನಲ್ಲೇ ಇರಲಿ, ನೀವು ಪಕ್ಕದಲ್ಲೇ ನಿಂತಿರಿ. ನಿಮ್ಮಿಂದ ಕೋಣೆಯನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಹಾಗೆ ಬರೆಯುವಾಗಲೇ, ನಾನು ಮಾಡುತ್ತಿರುವುದು ಅದನ್ನೇ ಏನೋ ಎಂದೂ ಅನ್ನಿಸುತ್ತಿದೆ. ಸಿಟ್ಟು ಬಂದರೆ ಬೈಯಿರಿ, ಆದರೆ ಬರೆಯಿರಿ.

ಕೋರಾ


ಎಡ್ಮಂಟನ್
೨೧ ಡಿಸೆಂಬರ್ ೨೦೧೭

ಕೋರಾ,

ಉತ್ತರ ತಡ ಆಯ್ತು. ಬೈಯೋಕೆ ಕೂತಿದ್ದೆ, ಬೈಗುಳ ಬರಲಿಲ್ಲ.

ಕೋಣೆ ಪೂರ್ತಿ ತೊಳೆದಿದೀನಿ. ಬಟ್ಟಲುಗಳನ್ನೆಲ್ಲ ಮತ್ತೆ ಆ್ಯಸಿಡ್ಡಲ್ಲಿ ಕುದಿಸಿದ್ದಾಯ್ತು. ಇನ್ನೊಂದು ಖಾಲಿ ಕಳಿಸ್ತಿದೀನಿ, ನನ್ನ ಕೈದೇ. ಅಳೆದು ನೋಡು. ಶುದ್ಧ ಇದ್ರೆ ಚಿಟಿಕೆ ನನ್ನದು, ಕೊಳಕಿದ್ರೆ ಜೋಲೀನಳದ್ದು. ಆಮೇಲೆ ನಾನು ಚಕಾರ ಎತ್ತಲ್ಲ.

ಹೊರಗೆ ಮೂಗು ಉದುರಿಹೋಗೋ ಚಳಿ. ರಾತ್ರಿ ಕಾರಿನ ಇಂಜಿನ್ ಬೆಚ್ಚಗಿಡೋ ಪ್ಲಗ್ ಹಾಕೋಕೆ ಮರೆತು, ಬೆಳಗ್ಗೆ ಅದು ಶುರುವಾಗದೆ ಬಸ್ಸಿಗೆ ಹೋದೆ. ಆದ್ರೆ ಬಾಯಿ ರುಚಿ ವಾಪಸು ಬಂದಿದೆ. ಜೋಲೀನ್ ಮತ್ತೆ ಪಿರೋಹಿ ತಂದಿದ್ಲು. ತಟ್ಟೆ ಖಾಲಿ ಮಾಡಿ ಇನ್ನೂ ಇದೆಯಾ ಅಂದೆ. "ಈಗ ಚಮಚದ ರುಚಿ ಇಲ್ವಾ?" ಅಂದ್ಲು. ಇಲ್ಲ ಅಂದೆ. ಯಾಕೋ ಅವಳ ಮುಖ ಅರಳಲಿಲ್ಲ.

ಬಾಬಿಯಕ್


ವಾಷಿಂಗ್ಟನ್
೮ ಜನವರಿ ೨೦೧೮

ಪ್ರೀತಿಯ ಮೇಷ್ಟ್ರಿಗೆ,

ಗೆದ್ದಿರಿ! ಪ್ಲಾಟಿನಂ ಬಿದ್ದುಹೋಗಿದೆ. ಪೂರ್ತಿ ಸೊನ್ನೆಯಲ್ಲ, ಆದರೆ ಮೊದಲಿನದ್ದರ ನೆರಳೂ ಅಲ್ಲ. ಲೆಕ್ಕದಲ್ಲಿ ಕಳೆದುಬಿಡಬಹುದಾದಷ್ಟು ಕಡಿಮೆ. ಸಂಖ್ಯೆ ಪರದೆಯ ಮೇಲೆ ಬಂದಾಗ ನಾನು ಮೇಜು ಕುಟ್ಟಿದೆ, ಪಕ್ಕದ ಕೋಣೆಯವರು ಏನಾಯಿತೆಂದು ಓಡಿಬಂದರು. "ನಮ್ ಮೇಷ್ಟ್ರ ಕೈ ಶುದ್ಧ ಆಯ್ತು" ಎಂದೆ. ಅವರಿಗೆ ಅದರಲ್ಲಿ ಮೇಜು ಕುಟ್ಟುವಂಥದ್ದೇನಿದೆ ಎಂದು ತಿಳಿಯಲಿಲ್ಲ.

ಊಟ ಸೇರುತ್ತಿದೆ ಎಂಬುದೂ ಸಂತೋಷ. ಎಲ್ಲ ಒಟ್ಟಿಗೇ ಸರಿಹೋಗುತ್ತಿದೆ.

ಚಿಟಿಕೆ ನಿಮ್ಮದೇ. ಕರಗಿಸಿ. ಒಂದೇ ಒಂದು ವಿಷಯ ಬಾಕಿ ಇದೆ. ಆ ಪ್ಲಾಟಿನಂ ಎಲ್ಲಿಂದ ಬರುತ್ತಿತ್ತು? ತೊಳೆದಾಗ ಏನು ಸಿಕ್ಕಿತು, ಏನನ್ನು ಹೊರಗೆ ಹಾಕಿದಿರಿ ಎಂದು ಎರಡು ಸಾಲು ಬರೆದು ಕಳಿಸಿ. ಲೇಖನದಲ್ಲಿ ಮೂಲವನ್ನು ಹೇಳಬೇಕಾಗುತ್ತದೆ.

ಕೋರಾ


ಎಡ್ಮಂಟನ್
೨೨ ಜನವರಿ ೨೦೧೮

ಕೋರಾ,

ಎರಡು ಸಾಲು ಕೇಳಿದೀಯ. ಮೂರು ಸುಳ್ಳು ಹೊಳೆದವು, ಮೂರೂ ಚೆನ್ನಾಗಿದ್ವು. ಹಳೇ ಮೂಸೆ, ಕೈಗವಸು, ಕಿಟಕಿಯ ದೂಳು. ಒಂದೂ ಬರೆಯೋಕಾಗಲಿಲ್ಲ. ಮೂಲ ಬರೆಯದೆ ಸಂಖ್ಯೆ ಬರೆಯಬೇಡ ಅಂತ ನಿನ್ನ ತಲೆ ಮೇಲೆ ಕುಟ್ಟಿ ಹೇಳಿದವನು ನಾನೇ.

ಮೂಲ ನಾನು.

ಜುಲೈನಲ್ಲಿ ಶ್ವಾಸಕೋಶದಲ್ಲಿ ಗಡ್ಡೆ ಸಿಕ್ತು. ಕ್ಯಾನ್ಸರು. ಮೂರು ವಾರಕ್ಕೊಂದು ಸಲ ಆಸ್ಪತ್ರೆಗೆ ಹೋಗಿ ಕೂತ್ಕೋಬೇಕು, ನರಕ್ಕೆ ಔಷಧಿ ಬಿಡ್ತಾರೆ. ಮೊದಲನೇ ದಿನ ನರ್ಸು ಚೀಲ ನೇತುಹಾಕಿದಾಗ ಅದರ ಮೇಲಿನ ಹೆಸರು ಓದಿ ಜೋರಾಗಿ ನಕ್ಕುಬಿಟ್ಟೆ. ಅದರ ಜೀವಾಳವೇ ಪ್ಲಾಟಿನಂ. "ಏನ್ ತಾತ, ಇಲ್ಲಿ ಯಾರೂ ನಗಲ್ಲ" ಅಂದ್ಲು ಅವಳು. ಒಂದು ಚೀಲದಲ್ಲಿ ಇರೋವಷ್ಟು ಪ್ಲಾಟಿನಂ ನಾನು ಜೀವಮಾನದಲ್ಲಿ ಅಳೆದ ಕಲ್ಲುಗಳನ್ನೆಲ್ಲ ಸೇರಿಸಿದರೂ ಇರಲಿಲ್ಲ.

ಗವಸು ಎರಡೆರಡು ಹಾಕಿದ್ರೆ ಸಾಕು ಅಂದ್ಕೊಂಡೆ. ಬೆವರಲ್ಲಿ ಬರುತ್ತೆ, ಉಸಿರಿನ ತೇವದಲ್ಲಿ ಬರುತ್ತೆ ಅಂತ ಗೊತ್ತಿರಬೇಕಾದವನು ನಾನು. ಗೊತ್ತಿತ್ತೋ ಇಲ್ಲವೋ ಈಗ ನನಗೇ ಗೊತ್ತಾಗ್ತಿಲ್ಲ. ನಿನ್ನ ಮೊದಲನೇ ಪತ್ರ ಬಂದಾಗ್ಲೇ ನನ್ನ ಮೇಲೆ ನನಗೇ ಅನುಮಾನ ಬಂತು. ಆದ್ರೂ, ಚಂದ್ರನೇ ಇರಬಹುದು ಅಂತ ಒಂದು ಆಸೆ. ನಿಜವಾಗಿ ಹಾಗೇ ಅನ್ನಿಸ್ತಿತ್ತು ಕೋರಾ. ಬೆಳಗ್ಗೆ ನಾನೇ ಅನ್ನಿಸೋದು, ಮಧ್ಯಾಹ್ನ ಚಂದ್ರ ಅನ್ನಿಸೋದು.

ಇನ್ನು ಸಂಖ್ಯೆ ಬಿದ್ದದ್ದು ಯಾಕೆ ಅಂತ. ನವೆಂಬರಿನಲ್ಲಿ ನಿನ್ನ ಪತ್ರ ಬಂದ ಮೇಲೆ ಔಷಧಿ ನಿಲ್ಲಿಸಿದೆ. ಡಾಕ್ಟರು ಇನ್ನೂ ಎಳೇ ಹುಡುಗಿ. "ಗಡ್ಡೆ ಕುಗ್ತಾ ಇದೆ ಸಾರ್, ಇನ್ನೆರಡು ಸರದಿ ಇದೆ, ಈಗ ಬಿಡಬೇಡಿ" ಅಂತ ಬೇಡ್ಕೊಂಡ್ಲು. ಒಂದು ಮುಖ್ಯ ಕೆಲಸ ಇದೆ, ಮುಗಿಸಿ ಬರ್ತೀನಿ ಅಂದೆ. "ಏನು ಕೆಲಸ?" ಅಂದ್ಲು. ಚಂದ್ರ ಅಂದೆ. ಕಾಗದದ ಮೇಲೆ ಏನೋ ಬರ್ಕೊಂಡ್ಲು, ಬಗ್ಗಿ ನೋಡಿದೆ: ರೋಗಿಗೆ ಸ್ವಲ್ಪ ಗೊಂದಲವಿದೆ.

ನಿನ್ನಿಂದ ನಿಲ್ಲಿಸಿದ್ದು ಅಂದ್ಕೋಬೇಡ. ವಾಂತಿ, ಸುಸ್ತು, ಅದೂ ಒಂದು ಕಾರಣ. ಯಾವುದು ಎಷ್ಟು ಪಾಲು ಅಂತ ಬಿಡಿಸಿ ಹೇಳೋಕಾಗ್ತಿಲ್ಲ.

ಪುಡಿ ಇನ್ನೂ ಮುಟ್ಟಿಲ್ಲ. ಮೂಲ ತಿಳಿದ ಮೇಲೆ ನೀನು ಏನಂತೀಯೋ ಕೇಳಿ ಕರಗಿಸ್ತೀನಿ. ಕೈ ಈಗ ಶುದ್ಧವಾಗಿದೆ. ಇಷ್ಟು ಶುದ್ಧ ಮತ್ತೆ ಯಾವಾಗ ಆಗುತ್ತೋ.

ಬಾಬಿಯಕ್


ವಾಷಿಂಗ್ಟನ್
೨೬ ಜನವರಿ ೨೦೧೮

ಮೇಷ್ಟ್ರೇ,

ಫೋನು ಎತ್ತಿ ಎತ್ತಿ ಇಟ್ಟೆ. ಫೋನಿನಲ್ಲಾದರೆ ನೀವು ತಮಾಷೆ ಮಾಡಿ ನನ್ನನ್ನು ದಾರಿ ತಪ್ಪಿಸುತ್ತೀರಿ. ಅದಕ್ಕೇ ನಾಳೆಯೇ ತಲುಪುವ ಅಂಚೆಯಲ್ಲಿ ಇದನ್ನು ಹಾಕುತ್ತಿದ್ದೇನೆ.

ಡಿಸೆಂಬರಿನ ಸಂಖ್ಯೆ ನೋಡಿ ನಾನು ಮೇಜು ಕುಟ್ಟಿದೆ. ಅದು ಬೀಳುತ್ತಿದೆ ಎಂದು ಸಂತೋಷಪಟ್ಟೆ. ಬೀಳುತ್ತಿದ್ದದ್ದು ಏನೆಂದು ಈಗ ತಿಳಿದಿದೆ. ಎಲ್ಲ ಒಟ್ಟಿಗೇ ಸರಿಹೋಗುತ್ತಿದೆ ಎಂದು ಬರೆದವಳು ನಾನು. ನಿಮಗೆ ಊಟ ಸೇರಿದ್ದನ್ನೂ ಆ ಲೆಕ್ಕಕ್ಕೇ ಸೇರಿಸಿದ್ದೆ. ಜೋಲೀನಳ ಮುಖ ಯಾಕೆ ಅರಳಲಿಲ್ಲ ಎಂದು ಆಗಲೇ ಕೇಳಬೇಕಿತ್ತು. ಅವಳಿಗೆ ಗೊತ್ತಿತ್ತು, ಅಲ್ಲವೇ?

ಚಂದ್ರನಿಗೂ ಪಾತಾಳಕ್ಕೂ ರಕ್ತಸಂಬಂಧ ಎಂದು ಡೆನ್ವರಿನಲ್ಲಿ ಅಷ್ಟು ಜನರ ಮುಂದೆ ಹೇಳಿದೆನಲ್ಲ. ಎರಡರಲ್ಲೂ ಸಮಾನವಾಗಿ ಇದ್ದದ್ದು ನೀವು. ನಿಮ್ಮ ಬೆವರು.

ನಿಮ್ಮ ಮೇಲೆ ಸಿಟ್ಟಿದೆ. ನನ್ನ ಮೇಲೂ ಇದೆ. ಬಿಡಿಸಿ ಹೇಳಲು ನನಗೂ ಆಗುತ್ತಿಲ್ಲ. ಇಷ್ಟು ಮಾತ್ರ ಸ್ಪಷ್ಟವಾಗಿದೆ: ಪುಡಿಯನ್ನು ಮುಟ್ಟಬೇಡಿ. ಜೋಲೀನ್ ಕೂಡ ಮುಟ್ಟುವುದು ಬೇಡ. ಹ್ಯೂಸ್ಟನ್‌ನವರಿಗೆ ಬರೆದು ಎರವಲಿನ ಅವಧಿಯನ್ನು ಎರಡು ವರ್ಷ ಮುಂದಕ್ಕೆ ಕೇಳಿದೆ. ಯಾಕೆ ಎಂದರು. ಕರಗಿಸುವವರು ಸದ್ಯಕ್ಕೆ ಶುದ್ಧವಾಗಿಲ್ಲ ಎಂದೆ. ಒಪ್ಪಿದರು. ಅವರು ಅದನ್ನು ಏನೆಂದು ತಿಳಿದುಕೊಂಡರೋ ನಾನು ಕೇಳಲಿಲ್ಲ.

ಇಪ್ಪತ್ತು ವರ್ಷದಿಂದ ನಾನು ಜನರಿಂದ ಶುದ್ಧವಾದ ಖಾಲಿ ಬಟ್ಟಲು ಕೇಳುತ್ತಾ ಬಂದಿದ್ದೇನೆ. ಕೊಳಕಿದ್ದರೆ ಬೈದು ವಾಪಸು ಕಳಿಸಿದ್ದೇನೆ. ಈಗ ಕೇಳುತ್ತಿದ್ದೇನೆ, ನನಗೊಂದು ಕೊಳಕು ಬಟ್ಟಲು ಕಳಿಸಿ. ಆ ಎಳೇ ಡಾಕ್ಟರ ಹತ್ತಿರ ಹೋಗಿ, ಉಳಿದ ಎರಡು ಸರದಿ ಕೂತು, ಆಮೇಲೆ ನಿಮ್ಮ ಕೈಯಿಂದಲೇ ಒಂದು ಖಾಲಿ ಇಟ್ಟು ಕಳಿಸಿ. ಏನೂ ತೊಳೆಯಬೇಡಿ. ನಾನು ಅಳೆಯುತ್ತೇನೆ.

ಕೋರಾ


ಎಡ್ಮಂಟನ್
೧೯ ಮಾರ್ಚ್ ೨೦೧೮

ಕೋರಾ,

ಇದನ್ನ ಶುದ್ಧಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಬರೀತಿದೀನಿ. ಒಳಗೆ ಹೋಗೋಕೆ ಜೋಲೀನ್ ಬಿಡ್ತಿಲ್ಲ. "ನೀವು ನಡೆದಾಡೋ ಗಣಿ, ಹೊರಗೇ ಇರಿ" ಅಂತ ಬಾಗಿಲು ಹಾಕ್ಕೊಂಡಿದಾಳೆ. ನೀನು ಕೇಳಿದ ಬಟ್ಟಲಿಗೋಸ್ಕರ ಜಗಳ ಆಡಿ ಒಂದು ಗಂಟೆ ಒಳಗೆ ಹೋಗಿದ್ದೆ. ನಾನು ಹೊರಗೆ ಬಂದ ಮೇಲೆ ಮೂಗು ಮುಚ್ಕೊಂಡು ಗೋಡೆಯಿಂದ ಗೋಡೆಗೆ ಒರೆಸಿದ್ಲು.

ಒಂದು ಸರದಿ ಮುಗೀತು. ಎರಡನೇದು ಮುಂದಿನ ವಾರ. ನಿಲ್ಲಿಸಿದ್ದರಿಂದ ಏನು ಕೆಟ್ಟಿದೆ, ಏನು ಉಳಿದಿದೆ ಅಂತ ಡಾಕ್ಟರಿಗೂ ಗೊತ್ತಿಲ್ಲ. ಅವಳ ಕಾಗದದಲ್ಲಿ ಈ ಸಲ ಏನು ಬರ್ಕೊಂಡ್ಲು ಅಂತ ಬಗ್ಗಿ ನೋಡಲಿಲ್ಲ. ಬಾಯಿ ಮತ್ತೆ ಕೆಟ್ಟಿದೆ, ನೀರು ಕೂಡ ತಂತಿ ನೆಕ್ಕಿದ ಹಾಗಿದೆ. ಕೈ ನಡುಗೋದು ನಿಜ. ನವೆಂಬರಿನ ನಿನ್ನ ಪ್ರಶ್ನೆಗೆ ಈಗ ಉತ್ತರ ಕೊಡ್ತಿದೀನಿ. ಅಕ್ಷರ ನೋಡಿದ್ರೇ ತಿಳಿಯುತ್ತೆ.

ಶೀಶೆ ಇಟ್ಟಿದೀನಿ. ಇಷ್ಟು ಕೊಳಕು ಖಾಲಿ ಬಟ್ಟಲನ್ನ ನಾನು ಜನ್ಮದಲ್ಲಿ ಯಾರಿಗೂ ಕಳಿಸಿರಲಿಲ್ಲ, ನಾಚಿಕೆ ಆಗ್ತಿದೆ. ಅಳೆಯೋಕೆ ಮುಂಚೆ ನಿನ್ನ ಯಂತ್ರಕ್ಕೆ ಒಂದು ಮಾತು ಹೇಳಿಡು, ಪಾಪ, ಹೆದರ್ಕೊಂಡೀತು.

ಬಾಬಿಯಕ್